ಕಪಾಟಿನ ಮೇಲಿನ ಟಿ.ವಿ.

ನಾನು ಅರಿವಳಿಕೆ ಡಾಕ್ಟರು. ರೋಗಿಯ ತಲೆಯ ಕಡೆಗೆ ಸ್ಟೂಲ್ ಹಾಕಿಕೊಂಡು ಕೂಡುವುದು ನನ್ನ ಕೆಲಸ. ಕೊಯ್ದವರ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ, ಮಲಗಿಸಿ ಎಬ್ಬಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಬಿಡಲಿ. ಕೂತಲ್ಲಿಂದ ನನಗೆ ಎಲ್ಲ ಕಾಣುತ್ತದೆ, ಅಷ್ಟು ಸಾಕು.

ಕೊಯ್ಯುವವರು ನನ್ನ ಗಂಡ, ಡಾಕ್ಟರ್ ಎಬನೇಜರ. ನಮ್ಮ ಕಡೆ ದುರ್ಬೀನ್ ಆಪರೇಷನ್ ಅಂದರೆ ಜನ ಮೊದಲು ಅವರ ಹೆಸರು ಹೇಳುತ್ತಿದ್ದರು. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ ನಾಲ್ಕು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಉಳಿದವುಗಳಲ್ಲಿ ಕಡ್ಡಿಯಂಥ ಉದ್ದನೆಯ ಸಲಕರಣೆ ಹಾಕಿ, ಎದುರಿನ ಟಿ.ವಿ. ನೋಡುತ್ತ ಕಲ್ಲು ತುಂಬಿದ ಪಿತ್ತಕೋಶವನ್ನು ಬಿಡಿಸಿ ತೆಗೆಯುವ ಕೆಲಸ ಅದು. ರೋಗಿ ಮರುದಿನ ಎದ್ದು ಓಡಾಡುತ್ತಾನೆ, ಸುಖವೋ ಸುಖ. ತೆಗೆದವನ ಕುತ್ತಿಗೆ, ಭುಜ, ಹೆಬ್ಬೆರಳು ಏನಾದವು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ.

ನಮ್ಮ ಮನೆ ಬೀದರದಲ್ಲಿ. ಮಂಗಳವಾರ ಭಾಲ್ಕಿ, ಶುಕ್ರವಾರ ಔರಾದ, ಉಳಿದ ದಿನ ಬೀದರದಲ್ಲೇ ಬೇರೆ ಬೇರೆ ಆಸ್ಪತ್ರೆ. ಸಲಕರಣೆಯ ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿ, ನಾನು ಮುಂದಿನ ಸೀಟಿನಲ್ಲಿ. ಹೋದಲ್ಲೆಲ್ಲ ಮೇಜು ಬೇರೆ, ಅದರ ಎತ್ತರ ಬೇರೆ, ಟಿ.ವಿ. ಇಟ್ಟ ಜಾಗ ಬೇರೆ. ಭಾಲ್ಕಿಯಲ್ಲಿ ಡಾಕ್ಟರ್ ಗೋರಖನಾಥರ ನರ್ಸಿಂಗ್ ಹೋಮ್. ಅಲ್ಲಿ ಟಿ.ವಿ.ಯನ್ನು ಕಬ್ಬಿಣದ ಕಪಾಟಿನ ಮೇಲೆ ಇಟ್ಟಿದ್ದರು. ಅದು ನಾನು ಕೂಡುವ ಜಾಗದ ಹಿಂದೆಯೇ, ಸೂರಿನ ಹತ್ತಿರ. ನನ್ನ ಗಂಡ ಎತ್ತರದ ಆಳು, ಅವರೂ ಗದ್ದ ಎತ್ತಿ, ಕುತ್ತಿಗೆ ಹಿಂದಕ್ಕೆ ಮಡಿಚಿ ನೋಡಬೇಕಿತ್ತು. ಔರಾದದಲ್ಲಿ ತದ್ವಿರುದ್ಧ. ಅಲ್ಲಿ ಮೇಜಿನ ಪಂಪು ಕೆಟ್ಟು ಅದು ಕೆಳಗೇ ಕೂತುಬಿಟ್ಟಿತ್ತು. ಬಾವಿ ಇಣುಕುವವರ ಹಾಗೆ ಬಗ್ಗಿಯೇ ನಿಲ್ಲಬೇಕು. ಭಾಲ್ಕಿಯಲ್ಲಿ ಆಕಾಶ ನೋಡು, ಔರಾದದಲ್ಲಿ ಪಾತಾಳ ನೋಡು. ಭಾಲ್ಕಿಯಲ್ಲಿ ಅವರು ತಾಸುಗಟ್ಟಲೆ ನನ್ನ ಕಡೆಗೇ ಮುಖ ಮಾಡಿ ನಿಂತಿರುತ್ತಿದ್ದರು, ನೋಡುತ್ತಿದ್ದದ್ದು ಮಾತ್ರ ನನ್ನ ತಲೆಯ ಮೇಲೆ.

ಮೊದಲು ಬೆನ್ನಿನ ರೆಕ್ಕೆ ಎಲುಬಿನ ಹತ್ತಿರ ಉರಿ ಬಂತು. ಆಮೇಲೆ ಅದು ಭುಜಕ್ಕೆ ಇಳಿಯಿತು. ದಿಂಬು ಬಿಟ್ಟು ಟವೆಲ್ ಸುತ್ತಿ ಕುತ್ತಿಗೆಯ ಕೆಳಗೆ ಇಟ್ಟುಕೊಂಡು ಮಲಗಲು ಶುರು ಮಾಡಿದರು. ನಾನು ಕಾರಿನಲ್ಲಿ ಹೇಳಿದೆ:

"ಗೋರಖನಾಥರಿಗಿ ಒಂದು ಮಾತು ಹೇಳ್ರಿ. ಟಿ.ವಿ. ಕೆಳಗ ಇಳಸ್ತಾರ."

"ಮಂದಿ ಮನ್ಯಾಗ ಉಣ್ಲಾಕ ಕೂತು ಉಪ್ಪು ಕಮ್ಮಿ ಅದ ಅಂತಾರೇನು?" ಎಂದರು.

ಇದು ಅವರ ಇಡೀ ಬದುಕಿನ ಶಾಸ್ತ್ರ. ಅವರ ತಾಯಿ ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಕರೆದವರ ಮನೆಯಲ್ಲಿ ಕೊಟ್ಟ ತಾಟಿನಲ್ಲಿ ಉಣ್ಣು, ಹಾಸಿದಲ್ಲಿ ಕೂಡು, ಕೊರತೆ ಎತ್ತಬೇಡ ಎಂದು ಮಗನಿಗೆ ಕಲಿಸಿದ್ದರು. ನಮ್ಮ ಬೀದರ ಸೀಮೆಯಲ್ಲಿ ಇದಕ್ಕೆ ಅದಬು ಅನ್ನುತ್ತಾರೆ. ಬೇರೆ ಊರಿನಿಂದ ಬರುವ ಸರ್ಜನ್ ಅಂದರೆ ಬಂದ ಬೀಗರ ಹಾಗೆ. ಆಪರೇಷನ್‌ಗೆ ಮೊದಲು ಚಹಾ, ಮುಗಿದ ಮೇಲೆ ಊಟ. ಅತಿಥಿ ತನಗೆ ಬೇಕಾದ್ದನ್ನು ಕೇಳಬಾರದು, ಮನೆಯವರು ಅತಿಥಿಯನ್ನು ಕೆದಕಬಾರದು. ಹೊಟ್ಟೆ ತುಂಬಿದರೆ ಸಾಕು, ಕುತ್ತಿಗೆ ಹಾಳಾದರೆ ಹಾಳಾಗಲಿ.

ಒಂದು ಮಂಗಳವಾರ ನನಗೆ ತಡೆಯಲಾಗಲಿಲ್ಲ. ಗೋರಖನಾಥರ ಮನೆಯಲ್ಲೇ ಊಟಕ್ಕೆ ಕೂತಿದ್ದೆವು. ಅವರ ಹೆಂಡತಿ ಕೌಸಲ್ಯಾಬಾಯಿ ಬಿಸಿ ರೊಟ್ಟಿ ತಂದು ಹಾಕುತ್ತಿದ್ದರು.

"ಅಣ್ಣಾ, ಆ ಟಿ.ವಿ. ಭಾಳ ಮ್ಯಾಲಾಗ್ಯಾದ ನೋಡ್ರಿ. ಇವರ ಕುತ್ತಿಗಿ," ಎಂದು ಶುರು ಮಾಡಿದೆ.

ನನ್ನ ಗಂಡ ನಗುತ್ತ ಅಡ್ಡ ಬಾಯಿ ಹಾಕಿದರು. "ಏನಿಲ್ರಿ ಗೋರಖನಾಥ, ಇಕಿದು ಸುಮ್ನ ಕಾಳಜಿ. ನನಗ ಮ್ಯಾಲ ಇದ್ರೇ ಚಲೋ ಕಾಣ್ತದ."

"ಹಂಗಾದ್ರ ಹಂಗೇ ಇರ್ಲಿರಿ ಸಾಹೇಬ್ರ," ಎಂದರು ಗೋರಖನಾಥ. ಕೌಸಲ್ಯಾಬಾಯಿ ಇನ್ನೊಂದು ರೊಟ್ಟಿ ಹಾಕಿದರು. ಮೇಜಿನ ಕೆಳಗೆ ನನ್ನ ಗಂಡ ನನ್ನ ಕಾಲು ತುಳಿದಿದ್ದರು.

ಬೀದರದಲ್ಲಿ ಸ್ಕ್ಯಾನ್ ಮಾಡಿಸೋಣ ಅಂದರೆ ಅದಕ್ಕೂ ಬೇಡ. "ಸರ್ಜನ್ನಂದೇ ನರ ಹಿಡದದ ಅಂತ ಸಂಜಿಗಿ ಊರೆಲ್ಲ ಗೊತ್ತಾಗ್ತದ. ಮುಂದ ಯಾರ ಬರ್ತಾರ?" ಎನ್ನುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಸರ್ಜನ್ ಕಂಡರೆ ರೋಗಿ ಬೇರೆ ಡಾಕ್ಟರನ್ನು ಹುಡುಕಿ ಲಾತೂರಿನ ಬಸ್ಸು ಹತ್ತುತ್ತಾನೆ. ಅಂಥ ಪಟ್ಟಿಯೊಂದನ್ನು ನಾನೇ ತಂದುಕೊಟ್ಟಿದ್ದೆ. ಮನೆಯ ಕಿಟಕಿಯ ಪರದೆ ಎಳೆದು ಕಟ್ಟಿಕೊಳ್ಳುತ್ತಿದ್ದರು, ಬಾಗಿಲು ಬಡಿದರೆ ಬಿಚ್ಚಿ ಸೋಫಾದ ಕೆಳಗೆ ತಳ್ಳುತ್ತಿದ್ದರು. ಹೈದರಾಬಾದಿಗಾದರೂ ಹೋಗೋಣ ಅಂದರೆ ಈ ತಿಂಗಳು ಮುಗಿಯಲಿ, ಆ ಹಬ್ಬ ಮುಗಿಯಲಿ. ಜಾಣರಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ನನಗೆ ಆಗ ತಿಳಿಯಿತು.

ಒಂದು ದಿನ ಅಂಗಿ ಒಗೆಯಲು ಹಾಕುವಾಗ ಕಾಲರಿನಲ್ಲಿ ಎಣ್ಣೆಯ ವಾಸನೆ ಬಂತು. ಸಾಸಿವೆ ಎಣ್ಣೆ, ಅದರಲ್ಲಿ ಕರ್ಪೂರ. ಕೇಳಿದೆ. ಹೇಳಿದರು, ಹಳೇ ಊರಿನ ಅಬ್ದುಲ ವಾಹೀದ ಪೈಲ್ವಾನರ ಹತ್ತಿರ ಹೋಗುತ್ತಿದ್ದೇನೆ ಎಂದು. ಮುರಿದ ಎಲುಬು ಕೂಡಿಸುವ, ಉಳುಕು ತೆಗೆಯುವ ಪೈಲ್ವಾನರು. ನಾನು ಹಣೆ ಚಚ್ಚಿಕೊಂಡೆ. ಪೈಲ್ವಾನರ ಹತ್ತಿರ ಹೋಗಿ ತಡವಾಗಿ ಬಂದ ರೋಗಿಗಳನ್ನು ತಮ್ಮ ಓ.ಪಿ.ಡಿ.ಯಲ್ಲಿ ನಿಲ್ಲಿಸಿ ಬೈಯುತ್ತಿದ್ದ ಮನುಷ್ಯ ಇವರೇ.

ಮರುದಿನ ಬೆಳಿಗ್ಗೆ ನಾನೂ ಜೊತೆಗೆ ಹೋದೆ, ನೋಡೇ ಬಿಡೋಣ ಎಂದು. ಓಣಿಯೊಳಗೆ ಒಂದು ಪಡಸಾಲೆ, ಅಲ್ಲಿ ಒಂದು ಬೆಂಚು. ಬೆಂಚಿನ ಮೇಲೆ ಆಗಲೇ ಇಬ್ಬರು ಕೂತಿದ್ದರು. ಒಬ್ಬರು ಬೀದರದ ಹಲ್ಲಿನ ಡಾಕ್ಟರು, ಇನ್ನೊಬ್ಬರು ಕಣ್ಣಿನ ಆಪರೇಷನ್ ಮಾಡುವವರು. ಇಬ್ಬರನ್ನೂ ನಾನು ಬಲ್ಲೆ, ಇಬ್ಬರೂ ನನ್ನನ್ನು ಬಲ್ಲರು. ಇಬ್ಬರೂ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದರು. ನನ್ನ ಗಂಡ ಮೂರನೆಯವರಾಗಿ ಕೂತು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡರು. ಬಗ್ಗಿ ಬಗ್ಗಿ ಸೊಟ್ಟಗಾದ ಮೂರು ಬೆನ್ನು ಒಂದೇ ಬೆಂಚಿನ ಮೇಲೆ, ಒಬ್ಬರಿಗೊಬ್ಬರು ನಮಸ್ಕಾರವನ್ನೂ ಹೇಳಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಪೈಲ್ವಾನರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಎಣ್ಣೆ ಹಚ್ಚಿ ತಿಕ್ಕಿದರು, "ಆರಾಮ್ ಆಗ್ತದ ಸಾಬ್" ಎಂದರು. ಅವರಿಗೆ ಬರುವುದು ಅಷ್ಟೇ. ಕುತ್ತಿಗೆಯ ಮಣಿಗಳ ನಡುವಿನ ಮೆತ್ತೆ ಜಾರಿ ನರವನ್ನು ಅಮುಕುತ್ತಿದ್ದರೆ ಅದು ಎಣ್ಣೆಗೆ ಹಿಂದಕ್ಕೆ ಹೋಗುತ್ತದೆಯೇ ಎಂದು ಅವರಿಗೆ ಗೊತ್ತಿರಬೇಕಾಗಿರಲಿಲ್ಲ. ನನ್ನ ಗಂಡನಿಗೆ ಗೊತ್ತಿರಬೇಕಿತ್ತು, ಗೊತ್ತೂ ಇತ್ತು. ಅಲ್ಲಿ ಯಾರೂ ಚೀಟಿ ಬರೆಯುವುದಿಲ್ಲ, ಹೆಸರು ಕೇಳುವುದಿಲ್ಲ, ಅದಕ್ಕೇ ಹೋಗುತ್ತಿದ್ದರು. ಹೀಗೆ ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು.

ಆ ಶುಕ್ರವಾರ ಔರಾದಕ್ಕೆ ಹೋಗುವಾಗ ಸಂತಪುರದಲ್ಲಿ ಚಹಾಕ್ಕೆ ನಿಂತೆವು. ಗಾಜಿನ ಲೋಟ, ಅಂಚಿನವರೆಗೆ ಕುದಿಯುವ ಚಹಾ. ನಾನು ನನ್ನದನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡೆ, ಸೆರಗಿನಲ್ಲಿ ಹಿಡಿದೆ. ಅವರು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಲೋಟವನ್ನು ಹಿಡಿದುಕೊಂಡು ಯಾವುದೋ ಕೇಸಿನ ಮಾತಾಡುತ್ತಲೇ ಇದ್ದರು. ಕುಡಿದು ಮುಗಿಸಿ ಲೋಟ ಇಟ್ಟರು. ಬೆರಳಿನ ತುದಿ ಕೆಂಪಗೆ ಕಂದಿತ್ತು.

"ಸುಡಲಿಲ್ಲೇನ್ರಿ?" ಎಂದೆ.

ಅವರು ಬೆರಳು ನೋಡಿಕೊಂಡರು, ಆಮೇಲೆ ಕೈಯನ್ನು ಕಿಸೆಗೆ ಹಾಕಿಕೊಂಡರು. "ಗ್ಲೌಸ್ ಹಾಕಿ ಹಾಕಿ ಚರ್ಮ ದಪ್ಪ ಆಗ್ಯಾದ. ನಡಿ, ತಡ ಆಗ್ತದ."

ಉಳಿದ ದಾರಿಯುದ್ದಕ್ಕೂ ಆ ಕೆಂಪು ಬೆರಳೇ ಕಣ್ಣ ಮುಂದಿತ್ತು. ಪಿತ್ತಕೋಶದ ಪಕ್ಕದಲ್ಲೇ ಪಿತ್ತನಾಳ ಇರುತ್ತದೆ, ರಕ್ತನಾಳ ಇರುತ್ತದೆ. ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಬೆರಳು ಹೇಳಬೇಕು. ಬೆರಳೇ ಸತ್ತಿದ್ದರೆ, ಅಲ್ಲಿ ಒಂದು ಕೂದಲಿನಷ್ಟು ತಪ್ಪಿದರೆ, ಮೇಜಿನ ಮೇಲಿದ್ದವರ ಜೀವನ ಮುಗಿಯಿತು. ಅವರನ್ನು ಎಚ್ಚರ ತಪ್ಪಿಸುವವಳು ನಾನು. ನಾನು ಮಲಗಿಸದೆ ನನ್ನ ಗಂಡ ಚಾಕು ಮುಟ್ಟುವಂತಿಲ್ಲ. ಈ ಮಾತು ನನಗೆ ಅವತ್ತು ಮೊದಲ ಸಲ ಹೊಳೆಯಿತು ಅಂತಲ್ಲ, ಅವತ್ತು ಅದು ಹೊರೆಯಾಗಿ ಹೆಗಲ ಮೇಲೆ ಕೂತಿತು.

ಔರಾದದಲ್ಲಿ ಮೇಜಿನ ಮೇಲೆ ಮಹಮೂದಾ ಬೇಗಂ ಎಂಬ ಹೆಂಗಸು ಆಗಲೇ ಮಲಗಿದ್ದರು. ಚಿಂತಾಕಿ ಊರಿನವರು, ನಡುವಯಸ್ಸು ದಾಟಿದವರು. ನನ್ನ ಗಂಡ ಒಳಗೆ ಬಂದದ್ದೇ ಅವರ ಮುಖ ಅರಳಿತು.

"ಸಾಬ್, ನಿಮ್ಮ ಕೈಗುಣ ಚಲೋ ಅದ ಅಂತ ಬಂದೀನ್ರಿ. ನಮ್ಮ ತಂಗೀದು ನೀವೇ ಮಾಡೀರಿ," ಎಂದರು.

"ಆರಾಮ್ ಆಗ್ತದ, ಹೆದರಬ್ಯಾಡ್ರಿ," ಎಂದು ನನ್ನ ಗಂಡ ಕೈ ತೊಳೆಯಲು ಹೊರಟರು. "ಹೆಲೆನ, ಶುರು ಮಾಡು."

"ಮೊದಲು ಇಲ್ಲಿ ಬರ್ರಿ," ಎಂದೆ. ನನ್ನ ದನಿ ನನಗೇ ಬೇರೆ ಕೇಳಿಸಿತು. "ಬಲಗೈ ಕೊಡ್ರಿ. ಕಣ್ಣು ಮುಚ್ರಿ."

"ಏನ್ ಆಟ ಇದು?"

"ಕಣ್ಣು ಮುಚ್ರಿ ಅಂದೆ."

ಓ.ಟಿ. ಸಿಸ್ಟರ್ ಶೀಬಾ ಸಲಕರಣೆ ಹರಡುವುದನ್ನು ನಿಲ್ಲಿಸಿ ನೋಡಿದಳು. ನಾಲ್ಕು ಜನರ ಎದುರಿಗೆ ಜಗಳ ಬೇಡ ಎಂದಿರಬೇಕು, ಅವರು ಕೈ ಚಾಚಿ ಕಣ್ಣು ಮುಚ್ಚಿದರು. ನಾನು ಹತ್ತಿಯ ಉಂಡೆಯಿಂದ ಕಿರುಬೆರಳು ಮುಟ್ಟಿದೆ.

"ಹತ್ತಿ," ಎಂದರು.

ಕಿರುಬೆರಳಿಗೆ ಸೂಜಿ ತಾಗಿಸಿದೆ. "ಸೂಜಿ," ಎಂದರು, ನಗುತ್ತ.

ಹೆಬ್ಬೆರಳಿಗೆ ಸೂಜಿ ಒತ್ತಿದೆ. ಸ್ವಲ್ಪ ಯೋಚಿಸಿ, "ಹತ್ತಿ," ಎಂದರು.

ಇನ್ನಷ್ಟು ಒತ್ತಿದೆ. ಅವರ ಕೈ ಕದಲಲಿಲ್ಲ. ಹೆಬ್ಬೆರಳಿನ ಮೇಲೆ ಒಂದು ಹನಿ ರಕ್ತ ಬಂದು ನಿಂತಿತು. ಶೀಬಾ ನೋಡಿದಳು, ನಾನು ನೋಡಿದೆ, ಮಲಗಿದಲ್ಲಿಂದ ಮಹಮೂದಾ ಬೇಗಂ ಕೂಡ ಕತ್ತು ಹೊರಳಿಸಿ ನೋಡಿದರು. ಕಣ್ಣು ಮುಚ್ಚಿ ನಿಂತ ಅವರೊಬ್ಬರಿಗೆ ಗೊತ್ತಿರಲಿಲ್ಲ.

"ಹತ್ತೀನೇ," ಎಂದರು ಮತ್ತೆ.

"ಕಣ್ಣು ತೆಗೀರಿ," ಎಂದೆ.

ಅವರು ಬೆರಳನ್ನು ಬಹಳ ಹೊತ್ತು ನೋಡಿದರು. ನಂತರ ಅದನ್ನು ಅಂಗಿಗೆ ಒರೆಸಿಕೊಂಡು, ರೋಗಿಯ ಕಡೆ ತಿರುಗಿ, "ಇವತ್ತ ಮಷೀನ್ ಕೆಟ್ಟದವ್ವ. ಬೀದರದಾಗ ಮಾಡ್ಸೋಣು," ಎಂದರು.

"ಮಷೀನ್ ಕೆಟ್ಟಿಲ್ರಿ," ಎಂದರು ಮಹಮೂದಾ ಬೇಗಂ, ಮೇಜಿನ ಮೇಲೆ ಎದ್ದು ಕೂತು. ಬೈದದ್ದು ಮಾತ್ರ ನನ್ನನ್ನು. "ಚಲೋ ಮನುಷ್ಯಾನ ಕೈಗಿ ಸೂಜಿ ಚುಚ್ಚಿ ಕೆಡಸ್ದಿ. ಗಂಡನ ಹೆಸರು ಆಗೋದು ಕೆಲವು ಹೆಂಗಸ್ರಿಗಿ ನೋಡ್ಲಾಕ ಆಗಂಗಿಲ್ಲ." ಅವರ ಪಿತ್ತನಾಳ ಅವರ ಹೊಟ್ಟೆಯಲ್ಲಿ ಸುರಕ್ಷಿತವಾಗಿತ್ತು, ಬೈಯಲಿ. ವಾಪಸು ಬರುವಾಗ ಕಾರು ನಾನು ಓಡಿಸಿದೆ.

ಹೈದರಾಬಾದಿನಲ್ಲಿ ಸ್ಕ್ಯಾನ್ ಆಯಿತು, ಕುತ್ತಿಗೆಯ ಆಪರೇಷನ್ನೂ ಆಯಿತು. ನೋವು ಹೋಯಿತು. ಬೆರಳಿನ ಸ್ಪರ್ಶ ಬರಲಿಲ್ಲ, ಹಿಡಿತವೂ ಪೂರ್ತಿ ಬರಲಿಲ್ಲ. ನರ ಬಹಳ ದಿನ ಒತ್ತಿಕೊಂಡಿತ್ತು, ಬೇಗ ಬರಬೇಕಿತ್ತು ಎಂದರು ಅಲ್ಲಿಯ ಡಾಕ್ಟರು. ಆಪರೇಷನ್ ಮಾಡುವ ಆಸೆ ಬಿಡಿ ಎಂದು ಬಾಯಿಬಿಟ್ಟು ಹೇಳಿದವರೂ ಅವರೇ. ನನ್ನ ಗಂಡ ತಲೆಯಾಡಿಸಿ, ಅವರಿಗೆ ಕೈ ಮುಗಿದು, ಧನ್ಯವಾದ ಹೇಳಿ ಎದ್ದುಬಂದರು. ಅಲ್ಲೂ ಅದಬು.

ಆಮೇಲೆ ಅವರು ಮನೆ ಹಿಡಿದು ಕೂತರು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಕಲಿತರು. ಅವರನ್ನು ಎತ್ತಿ ನಿಲ್ಲಿಸಿದ್ದು ಚರ್ಚು. ಒಂದು ಭಾನುವಾರ ಪಾಸ್ಟರ್ ಎಡ್ವರ್ಡ ಅವರನ್ನು ಮುಂದೆ ಕರೆದು ತಲೆಯ ಮೇಲೆ ಕೈ ಇಟ್ಟು, ಬಡವರ ಸೇವೆಯಲ್ಲಿ ತನ್ನ ದೇಹವನ್ನೇ ಸವೆಸಿದ ಸೇವಕ ಇವರು ಎಂದು ಪ್ರಾರ್ಥಿಸಿದರು. ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಗಂಡ ದೇವರು ತಮ್ಮನ್ನು ನಡೆಸಿದ್ದನ್ನು ಸಭೆಯ ಮುಂದೆ ಸಾಕ್ಷಿ ಹೇಳಲು ನಿಂತು ಬಲಗೈ ಎತ್ತಿ ತೋರಿಸಿ, "ಈ ಕೈ ದೇವರ ಕೆಲಸದಾಗ ಸವದದ. ಇದಕ್ಕ ನನಗ ದುಃಖ ಇಲ್ಲ," ಎಂದರು. ಆವತ್ತಿನಿಂದ ಅವರ ಮುಖಕ್ಕೆ ಬಣ್ಣ ಬಂತು, ನೆಟ್ಟಗೆ ನಡೆಯತೊಡಗಿದರು. ನಾನು ಬೆಂಚಿನಲ್ಲಿ ಕೂತು ಹಲ್ಲು ಕಚ್ಚಿಕೊಂಡೆ. ದೇವರು ಎಂದಾದರೂ ಟಿ.ವಿ.ಯನ್ನು ಕಪಾಟಿನ ಮೇಲೆ ಇಡಿ ಎಂದಿದ್ದನೇ?

ಭಾಲ್ಕಿಯಿಂದ ಗೋರಖನಾಥ ಫೋನ್ ಮಾಡಿದರು. ಹೊಸ ಸರ್ಜನ್ ಸಿಕ್ಕಿದ್ದಾನೆ, ನಾಗಸೇನ ಅಂತ, ಭಾಲ್ಕಿಯವನೇ, ಪುಣೆಯಲ್ಲಿ ಕಲಿತು ಬಂದಿದ್ದಾನೆ. ಅರಿವಳಿಕೆಗೆ ನೀವೇ ಬನ್ನಿ ವೈನಿ ಎಂದರು, ನನ್ನನ್ನು ಅವರು ಅತ್ತಿಗೆಯೆಂದೇ ಕರೆಯುವುದು. ನಾನು ಬೇಡವೆನ್ನಲು ಬಾಯಿ ತೆರೆದೆ, ನನ್ನ ಗಂಡ "ಕರದಾರ, ಹೋಗು" ಎಂದರು. ಹೋದೆ.

ನಾಗಸೇನ ಒಳಗೆ ಬಂದ. ಸುತ್ತ ಒಮ್ಮೆ ನೋಡಿದ. ಕಪಾಟಿನ ಕಡೆ ಬೆರಳು ತೋರಿಸಿ, ಇನ್ನೂ ನಮಸ್ಕಾರವನ್ನೇ ಸರಿಯಾಗಿ ಹೇಳದೆ, "ಸರ್, ಟಿ.ವಿ. ಅಲ್ಲಿ ಇದ್ರ ನನಗ ಆಗಂಗಿಲ್ಲ. ಕಣ್ಣಿನ ಎದುರಿಗಿ ಬೇಕು, ಜರಾ ಕೆಳಗೇ," ಎಂದ.

ಗೋರಖನಾಥರ ಮುಖ ಕೆಡುತ್ತದೆಂದು ನಾನು ಕಾದೆ. ಕೆಡಲಿಲ್ಲ. "ಆತಲ್ರಿ, ಅದಕ್ಕೇನು," ಎಂದು ಹೊರಗೆ ಕೂಗಿ ಹೇಳಿದರು, "ಸ್ಟೋರ್‌ದಾಗಿನ ಟ್ರಾಲಿ ತರ್ರಿ."

ಗಾಲಿ ಇದ್ದ ಟ್ರಾಲಿ ಬಂತು. ಟಿ.ವಿ. ಇಡಲೆಂದೇ ಮಾಡಿದ್ದು, ಮೇಲೆ ಕೆಳಗೆ ಸರಿಸಬಹುದಾದದ್ದು. ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಗೋರಖನಾಥ ತಾವೇ ಕತ್ತರಿ ತಂದು ಬಿಚ್ಚಿದರು. ನಾವು ಚಹಾ ಕುಡಿದು ಮುಗಿಸುವುದರೊಳಗೆ ಟಿ.ವಿ. ನಾಗಸೇನನ ಕಣ್ಣಿನ ಎದುರಿಗೆ ಬಂದು ನಿಂತಿತ್ತು.

"ಇದು ಎಂದ ತಂದೀರಿ ಅಣ್ಣಾ?" ಎಂದೆ.

"ಇದಾ? ಮಷೀನ್ ಸಂಗಟೇ ಬಂದಿದ್ದು ವೈನಿ. ಮೊದಲನೇ ದಿನ ಬಿಚ್ಚಿರ್ಲಿಲ್ಲ ಅಂತ ಟಿ.ವಿ. ಕಪಾಟಿನ ಮ್ಯಾಲ ಇಟ್ಟಿದ್ವಿ. ಸಾಹೇಬ್ರು ಏನೂ ಅನ್ಲಿಲ್ಲ. ಎತ್ತರ ಮನುಷ್ಯಾ, ಅವರಿಗಿ ಹಂಗೇ ಬೇಕಂತ ತಿಳದೀವಿ. ಆ ದಿನ ಊಟದಾಗ ಅವರೇ ಅಂದ್ರಲ್ಲ. ಹಿರಿಯರು ರೂಢಿ ಮಾಡ್ಕೊಂಡಾರ, ನಾವ್ಯಾಕ ಕೈ ಹಚ್ಚಬೇಕಂತ ಬಿಟ್ವಿ." ಅವರ ದನಿಯಲ್ಲಿ ಇದ್ದದ್ದು ನಿಜವಾದ ಗೌರವ. ಅವರನ್ನು ಬೈಯುವಂತೆಯೂ ಇರಲಿಲ್ಲ. ಹುಡುಗ ಆಪರೇಷನ್ ಚೆನ್ನಾಗಿ ಮಾಡಿದ.

ಮನೆಗೆ ಬಂದಾಗ ನನ್ನ ಗಂಡ ಊಟಕ್ಕೆ ಕಾದಿದ್ದರು. ತಾಟು ಹಾಕಿದೆ. ಎಡಗೈಯಲ್ಲಿ ಚಮಚ ಹಿಡಿದು ಕೇಳಿದರು:

"ಹ್ಯಾಂಗ ಮಾಡ್ದ ಹುಡುಗ?"

"ಚಲೋ ಮಾಡ್ದ."

"ಕುತ್ತಿಗಿ ನೋವು ಅಂದಿರಬೇಕು."

"ಇಲ್ಲ."

ಅವರು ನಕ್ಕರು. ಎಲ್ಲ ಬಲ್ಲ ಹಿರಿಯರ ನಗು. "ಹೊಸಬ ಇದ್ದಾನ, ಮುಂದ ಗೊತ್ತಾಗ್ತದ. ಈ ಕೆಲಸ ಸುಮ್ನ ಅಲ್ಲ ಹೆಲೆನ. ಮೈಯೇ ಕೊಡಬೇಕಾಗ್ತದ. ಕೊಟ್ಟವರಿಗೇ ಗೊತ್ತು."

ಆ ನಗುವನ್ನು ನಾನು ಸಹಿಸಿಕೊಂಡಿದ್ದರೆ ಆಗುತ್ತಿತ್ತು. ನನ್ನಿಂದ ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಟ್ರಾಲಿ, ಪ್ಲಾಸ್ಟಿಕ್ ಹೊದಿಕೆ, ಕತ್ತರಿ, ಮೊದಲನೆಯ ದಿನದಿಂದಲೂ ಅದು ಓ.ಟಿ.ಯ ಪಕ್ಕದ ಕೋಣೆಯಲ್ಲೇ ಇದ್ದದ್ದು. "ಆ ಹುಡುಗ ಬಾಯಿ ಬಿಟ್ಟು ಕೇಳ್ದ, ಅವರು ಕೊಟ್ರು. ಇಷ್ಟೇ ಇತ್ತು. ಯಾರೂ ನಿಮ್ಮ ಮೈ ಕೇಳಿರ್ಲಿಲ್ರಿ," ಎಂದೆ. ಹೇಳುವಾಗ ಸಿಟ್ಟಿತ್ತು. ಮುಗಿಯುವ ಹೊತ್ತಿಗೆ ಸಿಟ್ಟು ಇರಲಿಲ್ಲ, ಅವರ ಮುಖ ನೋಡಲು ಭಯವಾಯಿತು.

ಅವರು ಚಮಚ ಇಟ್ಟರು. ಬಲಗೈಯನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಇಳಸ್ಲಾಕ ಎಷ್ಟ್ ಹೊತ್ತು ಹಿಡೀತು?" ಎಂದರು.

"ಚಹಾ ಕುಡಿಯೋದ್ರಾಗ ಆತ್ರಿ."

ತಾಟಿನಲ್ಲಿ ಸಾರು ಆರಿಹೋಯಿತು. ಅವರು ಗೋಡೆ ನೋಡುತ್ತ ಮೆಲ್ಲಗೆ ಹೇಳಿದರು:

"ಚರ್ಚಿನಾಗ ಯಾರಿಗೂ ಹೇಳಬ್ಯಾಡ ಹೆಲೆನ. ಕೈ ಮುಗೀತೇನಿ."

ಹೇಳುವುದಿಲ್ಲ ಎಂದೆ. ಮದುವೆಯಾದಂದಿನಿಂದ ಅವರು ಯಾರ ಹತ್ತಿರವಾದರೂ ತಮಗಾಗಿ ಬಾಯಿ ಬಿಟ್ಟು ಕೇಳಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.